ಬೀಜದ ಕುದುರೆಯನ್ನು ಯಾವಾಗ ಬಿಟ್ಟುಕೊಡಬೇಕು?

ದಸರಾ ಮುಗಿದ ಮೂರನೇ ದಿನ. ವ್ಯಾಪಾರಿ ನೋಟು ಎಣಿಸಿ ನಮ್ಮ ಮನೆಯ ಕಟ್ಟೆಯ ಮೇಲೆ ಇಟ್ಟಿದ್ದ. ಹೊರಗೆ ಅವನ ಟೆಂಪೋ ನಿಂತಿತ್ತು. ನಮ್ಮ ಬೀಜದ ಕುದುರೆ ಸರ್ಜಾನನ್ನು ಹತ್ತಿಸುವುದೊಂದೇ ಬಾಕಿ. ಸಾಗಾಟಕ್ಕೆ ಆರೋಗ್ಯ ಪ್ರಮಾಣಪತ್ರ ಬೇಕಲ್ಲ, ಅದಕ್ಕಾಗಿ ಪಶುವೈದ್ಯರಿಗೆ ಫೋನ್ ಮಾಡಿದ್ದೆ. ಅವರು ಬರುವವರೆಗೆ ಚಹಾ ಕುಡಿಯುತ್ತಾ ಕೂತಿದ್ದೆವು.

ಡಾಕ್ಟರ್ ಬಂದವರೇ ಕೇಳಿದ ಮೊದಲ ಪ್ರಶ್ನೆ, "ಇಷ್ಟು ಚಲೋ ಕುದುರಿ ಯಾಕ ಮಾರಾಕತ್ತೀರಿ?"

"ಬೀಜ ಖೊಟ್ಟಿ ಆಗೇತ್ರಿ ಸಾಹೇಬ್ರ. ಮೂರು ಹೆಣ್ಣಿಗೆ ಬಿಟ್ಟೆ, ಮೂರೂ ತಿರುಗಿ ಬೆದಿಗೆ ಬಂದ್ವು" ಅಂದೆ.

"ಮಳಿಗಾಲದಾಗ ಇದಕ್ಕ ಜ್ವರ ಬಂದಿತ್ತೇನು?"

ಬಂದಿತ್ತು. ಶ್ರಾವಣದಲ್ಲಿ ಎರಡು ದಿನ ಮಂಕಾಗಿತ್ತು. ಯಾರನ್ನೋ ಕರೆಸಿ ಒಂದು ಸೂಜಿ ಹಾಕಿಸಿದ್ದೆ, ಆರಾಮ ಆಯ್ತು ಅಂತ ಮರೆತೂ ಬಿಟ್ಟಿದ್ದೆ. ಆ ಒಂದು ಪ್ರಶ್ನೆಯಿಂದ ಆವತ್ತು ಸರ್ಜಾ ಟೆಂಪೋ ಹತ್ತಲಿಲ್ಲ. ಆದರೆ ಎರಡು ವರ್ಷದ ನಂತರ, ಅದು ಪೂರ್ತಿ ಗಟ್ಟಿಯಾಗಿ, ಸಾಲು ಸಾಲಾಗಿ ಮರಿ ಕೊಡುತ್ತಿದ್ದಾಗ, ನಾನೇ ಅದನ್ನು ಬೇರೆಯವರ ಕೈಗೆ ಕೊಟ್ಟೆ. ಕೊಡಬಾರದ ಹೊತ್ತಿನಲ್ಲಿ ಕೊಡಲು ಹೊರಟಿದ್ದು ಯಾಕೆ, ಕೊಡಬೇಕಾದ ಹೊತ್ತು ಬಂತು ಅಂತ ಗೊತ್ತಾದದ್ದು ಹೇಗೆ, ಇದೇ ಈ ವಾರದ ಬರಹ. ಕುದುರೆ ಇಲ್ಲದವರೂ ಓದಬಹುದು. ಬೀಜದ ಹೋರಿ, ಟಗರು, ಹೋತ ಇಟ್ಟುಕೊಂಡವರಿಗೂ ಇದರಲ್ಲಿ ಅರ್ಧದಷ್ಟು ಅನ್ವಯಿಸುತ್ತದೆ.

ನಮ್ಮದು ಎಂಥ ಸಾಕಣೆ

ಕುದುರೆ ಸಾಕಣೆ ಅಂದ ಕೂಡಲೇ ನಮ್ಮ ರಾಜ್ಯದವರಿಗೆ ನೆನಪಾಗುವುದು ಕುಣಿಗಲ್. ಟಿಪ್ಪು ಕಾಲದಿಂದ ಹೆಸರಾದ ಜಾಗ, ಅಲ್ಲಿ ಬೆಳೆದದ್ದು ರೇಸಿನ ಥರೋಬ್ರೆಡ್ ಕುದುರೆಗಳು. ನಮ್ಮದು ಅದಲ್ಲ. ಬೆಳಗಾವಿ ಜಿಲ್ಲೆಯ ಮೂಡಲ ಭಾಗದಲ್ಲಿ, ಕೃಷ್ಣಾ ನದಿಯ ಆಚೀಚೆ, ಕುರುಬರು ಕುರಿ ಹಿಂಡಿನ ಜೊತೆ ಕರೆದುಕೊಂಡು ಹೋಗುವ ಗಿಡ್ಡ ಕುದುರೆ ನೋಡಿರುತ್ತೀರಿ. ಸುಗ್ಗಿ ಮುಗಿದ ಹೊಲದಲ್ಲಿ ಕುರಿ ತರುಬಿ ಮುಂದಿನ ಊರಿಗೆ ಹೊರಟಾಗ ಅದರ ಬೆನ್ನಿನ ಮೇಲೆ ಕಂಬಳಿ, ಅಡಿಗೆ ಪಾತ್ರೆ, ಜೋಳದ ಚೀಲ, ನಡೆಯಲಾರದ ಕುರಿಮರಿ, ಕೆಲವೊಮ್ಮೆ ಕೋಳಿ ಕೂಡ ಇರುತ್ತದೆ. ಅಂಥ ಕುದುರೆಗಳನ್ನೇ ನಾವು ಸಾಕುವುದು. ಎಂಟು ಹೆಣ್ಣು, ಒಂದು ಗಂಡು. ಮರಿಗಳು ಕುರಿಗಾರರಿಗೆ, ಗಾಡಿಯವರಿಗೆ, ಮಕ್ಕಳ ಸವಾರಿಗೆ ಅಂತ ಕೊಳ್ಳುವವರಿಗೆ ಹೋಗುತ್ತವೆ.

ಭುಜದ ಎತ್ತರ ಸುಮಾರು 147 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಅದನ್ನು ಪೋನಿ ಅನ್ನುತ್ತಾರೆ. ನಮ್ಮವು ಅದಕ್ಕಿಂತಲೂ ಸಾಕಷ್ಟು ಗಿಡ್ಡ. ಮಹಾರಾಷ್ಟ್ರದ ಕಡೆ ಇಂಥವನ್ನು ಭೀಮಾ ನದಿಯ ಹೆಸರಿನಿಂದ ಭೀಮಥಡಿ ಅನ್ನುತ್ತಾರೆ, ಹಳಬರು ದಖ್ಖನಿ ಅನ್ನುತ್ತಿದ್ದರು. ಮರಾಠರ ದಂಡಿನಲ್ಲಿ ಓಡಿದ ಕುದುರೆಗಳಿವು. ಮಾರವಾಡಿ, ಕಾಠಿಯಾವಾಡಿ, ಮಣಿಪುರಿ, ಸ್ಪಿತಿ, ಜಾಂಸ್ಕರಿ, ಭೂತಿಯಾ, ಕಚ್ಛಿ-ಸಿಂಧಿ ತಳಿಗಳ ಸಾಲಿಗೆ ಇತ್ತೀಚೆಗೆ ಭೀಮಥಡಿಯೂ ಸೇರಿದೆ. ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆ ಅದನ್ನು ದೇಸಿ ತಳಿ ಅಂತ ದಾಖಲಿಸಿಕೊಂಡಿದೆ. ನಮ್ಮಲ್ಲಿರುವವಕ್ಕೆ ಕಾಗದ ಇಲ್ಲ. ರಕ್ತ, ಕಾಲು, ಗೊರಸು ಮಾತ್ರ ಅದೇ.

ಇಂಥ ಸಣ್ಣ ಸಾಕಣೆಯಲ್ಲಿ ಹೆಣ್ಣು ಒಂದು ಕೆಟ್ಟರೆ ಒಂದು ಮರಿ ಹೋಯಿತು. ಗಂಡು ಕೆಟ್ಟರೆ ವರ್ಷದ ಬೆಳೆಯೇ ಹೋಯಿತು. ಹೆಣ್ಣು ಕುದುರೆ ಗಬ್ಬ ಹೊರುವುದು ಸುಮಾರು 11 ತಿಂಗಳು. ಈ ವರ್ಷ ತಪ್ಪಿದ ಮರಿ ಮುಂದಿನ ವರ್ಷಕ್ಕೆ ಕೂಡಿ ಬರುವುದಿಲ್ಲ, ಅದು ಹೋದದ್ದೇ. ಹಾಗಾಗಿ ಮೂರು ಹೆಣ್ಣು ತಿರುಗಿ ಬೆದೆಗೆ ಬಂದಾಗ ನನ್ನ ಎದೆ ಒಡೆದಿತ್ತು, ಸಿಟ್ಟೆಲ್ಲ ಸರ್ಜಾನ ಮೇಲೆ ತಿರುಗಿತ್ತು.

ಹಾರುವುದು ಬೇರೆ, ಗಬ್ಬ ಕಟ್ಟಿಸುವುದು ಬೇರೆ

ಡಾಕ್ಟರ್ ಸರ್ಜಾನ ಹೊಟ್ಟೆಯ ಕೆಳಗೆ ಕೈ ಆಡಿಸಿ ತೋರಿಸಿದರು. ಶಿಶ್ನದ ಚೀಲದ ಹತ್ತಿರ ಬಾವು, ಬೆರಳಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಹಿಂಗಾಲಿನಲ್ಲೂ ಸ್ವಲ್ಪ ಬಾವು. ಕಣ್ಣಿನ ಒಳರೆಪ್ಪೆ ಬಿಳಚಿಕೊಂಡಿತ್ತು. ಥರ್ಮಾಮೀಟರ್ ಇಟ್ಟರೆ 103 ಡಿಗ್ರಿ ಫ್ಯಾರನ್‌ಹೀಟ್. ಕುದುರೆಗೆ ಸಾಮಾನ್ಯವಾಗಿ 99ರಿಂದ 101 ಇರಬೇಕು. ಮೇವು ತಿನ್ನುತ್ತಲೇ ಇತ್ತು, ಆದರೂ ಪಕ್ಕೆಲುಬು ಕಾಣತೊಡಗಿದ್ದವು. ನಾನು ಅದನ್ನು ಬೆದೆಯ ಕಾಲದ ಓಡಾಟದ ಬಡಕಲು ಅಂದುಕೊಂಡಿದ್ದೆ.

ಜ್ವರ ಇರುವಾಗಲೇ ರಕ್ತ ತೆಗೆದು ಗಾಜಿನ ಮೇಲೆ ಸವರಿ ಒಯ್ದರು. ಸಂಜೆ ಫೋನ್ ಬಂತು: ಸರ್ರಾ.

ಇದು ರಕ್ತದಲ್ಲಿ ಬದುಕುವ ಟ್ರಿಪನೊಸೋಮಾ ಎಂಬ ಸೂಕ್ಷ್ಮ ಜೀವಿಯಿಂದ ಬರುವ ರೋಗ. ಕುದುರೆ, ಒಂಟೆಗಳಿಗೆ ಜೋರು. ದನ, ಎಮ್ಮೆಗಳಲ್ಲಿ ಎಷ್ಟೋ ಸಲ ಏನೂ ತೋರದೆ ಅಡಗಿ ಕೂತಿರುತ್ತದೆ. ಮಳೆಗಾಲದಲ್ಲಿ ಮತ್ತು ಅದರ ನಂತರ ಹೆಚ್ಚಾಗುವ, ರಕ್ತ ಹೀರುವ ದೊಡ್ಡ ನೊಣಗಳು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತವೆ. ಇದರ ಮೋಸ ಏನೆಂದರೆ ಜ್ವರ ಬರುತ್ತದೆ, ತಾನಾಗಿ ಇಳಿಯುತ್ತದೆ, ಕೆಲವು ದಿನ ಬಿಟ್ಟು ಮತ್ತೆ ಬರುತ್ತದೆ. ಇಳಿದಾಗ ನಾವು ಆರಾಮ ಆಯ್ತು ಅಂದುಕೊಳ್ಳುತ್ತೇವೆ. ಶ್ರಾವಣದ ಆ ಸೂಜಿ ಜ್ವರ ಇಳಿಸಿತ್ತು, ರೋಗ ಇಳಿಸಿರಲಿಲ್ಲ.

"ಹಂಗಾದ್ರ ಅದು ಹೆಣ್ಣಿನ ಮ್ಯಾಲೆ ಚಲೋನ ಹಾರತಿತ್ತಲ್ರಿ?" ಅಂದೆ.

"ಹಾರೂದಕ್ಕೂ ಬೀಜಕ್ಕೂ ಸಂಬಂಧ ಇಲ್ಲ" ಅಂದರು ಡಾಕ್ಟರ್. "ಹುರುಪು ಇದ್ದರೂ ಬೀಜ ಸತ್ತಿರಬಹುದು."

ಆಮೇಲೆ ಅವರು ಹೇಳಿದ ಲೆಕ್ಕವನ್ನು ನಾನು ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದೇನೆ. ಗಂಡು ಕುದುರೆಯ ವೃಷಣದಲ್ಲಿ ಒಂದು ವೀರ್ಯಾಣು ತಯಾರಾಗಲು ಸುಮಾರು 57 ದಿನ. ಅದು ಪಕ್ವವಾಗಿ ಹೊರಬರಲು ಇನ್ನೊಂದು ವಾರ. ವೃಷಣ ದೇಹದ ಹೊರಗೆ ಜೋತಾಡುವುದೇ ತಂಪಾಗಿರಲಿ ಅಂತ. ಜ್ವರ ಬಂದರೆ, ಆ ಜಾಗದಲ್ಲಿ ಬಾವು ಬಂದರೆ, ಅಲ್ಲಿ ತಯಾರಾಗುತ್ತಿದ್ದ ಪೈರು ಬೆಂದು ಹೋಗುತ್ತದೆ. ಜ್ವರ ಬಿಟ್ಟ ಮರುದಿನವೇ ಹೊಸ ಪೈರು ಸಿಗುವುದಿಲ್ಲ. ಎರಡು ತಿಂಗಳು ಕಾಯಲೇಬೇಕು. ಇವತ್ತಿನ ಬೀಜ ಎರಡು ತಿಂಗಳ ಹಿಂದಿನ ಆರೋಗ್ಯದ ಫಲ, ಇಷ್ಟು ನೆನಪಿಟ್ಟರೆ ಸಾಕು.

ವ್ಯಾಪಾರಿಗೆ ಹಣ ವಾಪಸ್ ಕೊಟ್ಟೆ. "ರೋಗದ ಕುದುರಿ ನನಗ ಕೊಡಾಕ ಹೊಂಟಿದ್ದೇನು?" ಅಂತ ನಾಲ್ಕು ಮಾತು ಅಂದು ಹೋದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಸರ್ರಾಕ್ಕೆ ಬೇರೆಯೇ ಔಷಧಿ ಇದೆ, ತೂಕ ನೋಡಿ ಪಶುವೈದ್ಯರೇ ಕೊಡಬೇಕು, ಅಂದಾಜಿಗೆ ಹಾಕಿಸಬಾರದು. ಉಳಿದ ಎಂಟೂ ಹೆಣ್ಣುಗಳ ರಕ್ತ ನೋಡಿಸಿದೆವು, ಒಂದಕ್ಕೆ ಇತ್ತು, ಅದಕ್ಕೂ ಚಿಕಿತ್ಸೆ ಆಯಿತು. ತಿಪ್ಪೆಯನ್ನು ಕೊಟ್ಟಿಗೆಯಿಂದ ದೂರ ಸಾಗಿಸಿದೆವು, ಸಂಜೆ ಬೇವಿನ ಹೊಗೆ ಹಾಕತೊಡಗಿದೆವು.

ಬಾವು ಇಳಿದು, ಮೈ ಹಿಡಿಯಲು ಡಿಸೆಂಬರ್ ಆಯಿತು. ಅಲ್ಲಿಯವರೆಗೆ ಹೆಣ್ಣಿಗೆ ಬಿಡಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಬೆದೆಗೆ ಬಂದ ಮೊದಲ ಹೆಣ್ಣಿಗೆ ಬಿಟ್ಟೆ. 21 ದಿನಕ್ಕೆ ಅದು ತಿರುಗಿ ಬರಲಿಲ್ಲ. ಡಾಕ್ಟರ್ ಕೈ ಹಾಕಿ ನೋಡಿ "ಕಟ್ಟೇತಿ" ಅಂದಾಗ, ನಮ್ಮ ಅವ್ವ ಸರ್ಜಾನಿಗೆ ಒಂದು ಬೆಲ್ಲದ ಅಚ್ಚು ತಿನ್ನಿಸಿದಳು.

ತಪ್ಪು ಗಂಡಿನದೋ, ನಮ್ಮದೋ

ಹೆಣ್ಣು ಗಬ್ಬ ನಿಲ್ಲದಿದ್ದರೆ ಗಂಡನ್ನು ದೂರುವ ಮೊದಲು ಕೆಲವನ್ನು ನೋಡಿಕೊಳ್ಳಬೇಕು ಅಂತ ಅಂದಿನಿಂದ ಕಲಿತೆ.

ಮೊದಲನೆಯದು ದಿನದ ಲೆಕ್ಕ. ಹೆಣ್ಣು ಕುದುರೆಗೆ ಸುಮಾರು 21 ದಿನಕ್ಕೊಮ್ಮೆ ಬೆದೆ. ದನದ ಹಾಗೆ ಒಂದು ದಿನದಲ್ಲಿ ಮುಗಿಯುವುದಿಲ್ಲ, ಐದರಿಂದ ಏಳು ದಿನ ಇರುತ್ತದೆ. ಅಂಡ ಬಿಡುಗಡೆಯಾಗುವುದು ಬೆದೆಯ ಕೊನೆಯ ಒಂದೆರಡು ದಿನದಲ್ಲಿ. ದನದ ರೂಢಿಯಲ್ಲಿ ಮೊದಲ ದಿನ ಒಮ್ಮೆ ಬಿಟ್ಟು ಸುಮ್ಮನಾದರೆ ಬೀಜ ವ್ಯರ್ಥ. ಎರಡನೇ ಅಥವಾ ಮೂರನೇ ದಿನದಿಂದ ಶುರುಮಾಡಿ, ಹೆಣ್ಣು ಒಲ್ಲೆ ಅನ್ನುವವರೆಗೆ ದಿನ ಬಿಟ್ಟು ದಿನ ಬಿಡಬೇಕು. ಮರಿ ಹಾಕಿದ ಹೆಣ್ಣಿಗೆ ಏಳರಿಂದ ಹನ್ನೆರಡು ದಿನದೊಳಗೇ ಮತ್ತೆ ಬೆದೆ ಬರುತ್ತದೆ. ಹೆರಿಗೆ ಸಲೀಸಾಗಿ, ಕಸ ಪೂರ್ತಿ ಬಿದ್ದು, ಹೆಣ್ಣು ಗಟ್ಟಿಯಿದ್ದರೆ ಆಗ ಬಿಡಬಹುದು. ಸ್ವಲ್ಪ ಸಂಶಯವಿದ್ದರೂ ಮುಂದಿನ ಬೆದೆಗೆ ಕಾಯುವುದು ಒಳ್ಳೆಯದು.

ಎರಡನೆಯದು ಹೆಣ್ಣಿನ ಒಪ್ಪಿಗೆ. ಬಿದಿರಿನ ಗಟ್ಟಿ ಅಡ್ಡಗಟ್ಟೆಯ ಆಚೆ ಹೆಣ್ಣು, ಈಚೆ ಗಂಡು ನಿಲ್ಲಿಸಿ ನೋಡಿ. ಬೆದೆ ಇದ್ದರೆ ಬಾಲ ಎತ್ತಿ, ಕಾಲು ಅಗಲಿಸಿ, ಮೇಲಿಂದ ಮೇಲೆ ಉಚ್ಚೆ ಹೊಯ್ಯುತ್ತದೆ. ಇಲ್ಲದಿದ್ದರೆ ಕಿವಿ ಹಿಂದಕ್ಕೆ ಮಡಚಿ ಒದೆಯುತ್ತದೆ. ಈ ಪರೀಕ್ಷೆ ಮಾಡದೆ ನೇರ ಬಿಟ್ಟರೆ ಒದೆ ತಿನ್ನುವುದು ಗಂಡು. ಒಂದು ಒದೆ ವೃಷಣಕ್ಕೆ ಬಿದ್ದರೆ ಆ ವರ್ಷವಷ್ಟೇ ಅಲ್ಲ, ಜೀವನಪೂರ್ತಿ ಕೆಲಸ ಹೋಗಬಹುದು.

ಮೂರನೆಯದು ಗಂಡು ಕೆಲಸ ಮುಗಿಸಿತೋ ಇಲ್ಲವೋ. ಹಾರಿ ಇಳಿದದ್ದನ್ನೆಲ್ಲ ಲೆಕ್ಕಕ್ಕೆ ಹಿಡಿಯಬೇಡಿ. ವೀರ್ಯ ಬಿಡುವಾಗ ಗಂಡಿನ ಬಾಲದ ಬುಡ ನಾಲ್ಕಾರು ಸಲ ಮೇಲೆ ಕೆಳಗೆ ಆಡುತ್ತದೆ. ಅದು ಕಾಣದಿದ್ದರೆ ಆ ಸಲ ಆಗಿಲ್ಲ ಅಂತಲೇ ತಿಳಿಯಿರಿ.

ನಾಲ್ಕನೆಯದು ದುಡಿಸುವ ಮಿತಿ. ಮೂರು ವರ್ಷ ತುಂಬಿದ ಗಂಡಿಗೆ ವಾರಕ್ಕೆ ಎರಡು ಮೂರು ಸಲ ಸಾಕು, ಆ ವರ್ಷ ಹತ್ತರ ಮೇಲೆ ಹೆಣ್ಣು ಬೇಡ. ಐದು ತುಂಬಿದ ಮೇಲೆ ದಿನಕ್ಕೊಮ್ಮೆ ತಡೆಯುತ್ತದೆ, ವಾರಕ್ಕೊಂದು ದಿನ ಬಿಡುವು ಕೊಡಿ. ಜಾತ್ರೆಯ ಕಾಲದಲ್ಲಿ ಊರವರೆಲ್ಲ ಹೆಣ್ಣು ಹಿಡಿದುಕೊಂಡು ಬಂದಾಗ ದುಡ್ಡಿನಾಸೆಗೆ ದಿನಕ್ಕೆ ಮೂರು ಸಲ ಬಿಟ್ಟವರ ಗತಿ ನೋಡಿದ್ದೇನೆ. ಕೊನೆಗೆ ಬಂದವರಿಗೆ ನೀರು ಬಿಟ್ಟರೆ ಏನೂ ಸಿಕ್ಕಿರಲಿಲ್ಲ.

ಐದನೆಯದು ಸ್ವಚ್ಛತೆ. ಹೆಣ್ಣಿನ ಬಾಲವನ್ನು ಬಟ್ಟೆಯಿಂದ ಸುತ್ತಿ, ಹಿಂಭಾಗ ತೊಳೆದು ಒರೆಸಿ. ಗಂಡಿಗೆ ಬರೀ ಉಗುರುಬೆಚ್ಚಗಿನ ಶುದ್ಧ ನೀರು ಸಾಕು. ಡೆಟ್ಟಾಲ್, ಸಾಬೂನು ಹಚ್ಚಿ ದಿನಾ ತಿಕ್ಕಿದರೆ ಅಲ್ಲಿರುವ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು, ಕೆಟ್ಟವು ಮನೆ ಮಾಡುತ್ತವೆ. ಆ ಸೋಂಕು ಹೆಣ್ಣಿನ ಗರ್ಭಕ್ಕೆ ಹೋಗುತ್ತದೆ. ನಾನೂ ಒಂದು ವರ್ಷ ಡೆಟ್ಟಾಲ್ ಬಳಸಿ ಶಾಣ್ಯಾ ಆಗಿದ್ದವನೇ.

ಇಷ್ಟೆಲ್ಲ ಸರಿಯಿದ್ದೂ ಎರಡು ಮೂರು ಹೆಣ್ಣು ಸಾಲಾಗಿ ತಿರುಗಿ ಬಂದರೆ, ಆಗ ಗಂಡಿನ ಕಳೆದ ಎರಡು ತಿಂಗಳ ಚರಿತ್ರೆ ನೋಡಿ: ಜ್ವರ, ಬಾವು, ಪೆಟ್ಟು, ಬಿಸಿಲಿನಲ್ಲಿ ದೂರದ ಪ್ರಯಾಣ. ಪಶುವೈದ್ಯ ಕಾಲೇಜು ಹತ್ತಿರವಿದ್ದರೆ ವೀರ್ಯ ಪರೀಕ್ಷೆಗೆ ಕೇಳಿ. ಮಾರುವ ಮಾತು ಇದೆಲ್ಲದರ ನಂತರ.

ಇನ್ನು ಮೇವು. ಬೀಜದ ಕುದುರೆ ಅಂತ ಹುರುಳಿ, ಬೆಲ್ಲ, ತುಪ್ಪ ತುಂಬಿ ಕೊಬ್ಬಿಸಬೇಡಿ. ಗಿಡ್ಡ ಕುದುರೆಗಳು ಕಡಿಮೆ ಮೇವಿಗೆ ಮೈ ಹಿಡಿಯುವ ಜಾತಿ. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈ ಆಡಿಸಿದರೆ ಸಿಗಬೇಕು. ಜೋಳದ ಕಣಕಿ, ಒಣ ಹುಲ್ಲು, ಸ್ವಲ್ಪ ಕುದುರೆ ಮೆಂತೆ, ನೆನೆಸಿದ ಹುರುಳಿ ಒಂದು ಹಿಡಿತದಲ್ಲಿ, ಮುಂದೆ ಉಪ್ಪಿನ ಗಡ್ಡೆ, ಇಷ್ಟೇ ನಮ್ಮಲ್ಲಿ. ಕೋಳಿ ಆಹಾರ ಮಾತ್ರ ಕುದುರೆಗೆ ಎಂದೂ ಹಾಕಬೇಡಿ. ಕೋಳಿಗೆ ಹಾಕುವ ಮೊನೆನ್ಸಿನ್ ಎಂಬ ಔಷಧಿ ಅದರಲ್ಲಿದ್ದರೆ ಕುದುರೆಗೆ ಅದು ವಿಷ, ಸ್ವಲ್ಪವೇ ಹೋದರೂ ಹೃದಯ ನಿಲ್ಲುತ್ತದೆ.

ಮಗಳು ದೊಡ್ಡವಳಾದಳು

ಆ ನಂತರದ ಎರಡು ವರ್ಷ ಸರ್ಜಾನದೇ ದರ್ಬಾರು. ಅದರ ಮರಿಗಳು ಅಗಲ ಎದೆಯವು, ಕಪ್ಪು ಗಟ್ಟಿ ಗೊರಸಿನವು, ಸ್ವಭಾವದಲ್ಲಿ ಸಾಧು. ಮೊದಲ ಸಲದ ಹೆಣ್ಣುಮರಿಗಳಲ್ಲಿ ಮೂರನ್ನು ಮಾರದೆ ಉಳಿಸಿಕೊಂಡಿದ್ದೆ. ಮುದುಕಿಯಾಗುತ್ತಿದ್ದ ಕುದುರೆಗಳ ಜಾಗಕ್ಕೆ ಅವು ಬೇಕಿತ್ತು.

ಇಲ್ಲಿ ನನ್ನ ಎರಡನೇ ತಪ್ಪು. ವರ್ಷ ತುಂಬಿದ ಹೆಣ್ಣುಮರಿಯನ್ನು ತಂದೆಯಿಂದ ಬೇರೆ ಇಡಬೇಕಿತ್ತು. ಚಿಕ್ಕದಲ್ವಾ ಅಂತ ಒಟ್ಟಿಗೆ ಮೇಯಲು ಬಿಡುತ್ತಿದ್ದೆ. ಹೆಣ್ಣುಮರಿ ಒಂದೂವರೆ ವರ್ಷಕ್ಕೇ, ಕೆಲವೊಮ್ಮೆ ಅದಕ್ಕೂ ಮೊದಲೇ ಬೆದೆಗೆ ಬರುತ್ತದೆ. ಗಂಡುಮರಿಯೂ ಅಷ್ಟರಲ್ಲೇ ಬೀಜ ಕಟ್ಟಬಲ್ಲದು. ಒಂದು ಮರಿ, ಇನ್ನೂ ಎರಡು ವರ್ಷ ತುಂಬಿರಲಿಲ್ಲ, ತನ್ನ ತಂದೆಯಿಂದಲೇ ಗಬ್ಬ ಆಯಿತು. ನಮಗೆ ಗೊತ್ತಾದದ್ದು ಹೊಟ್ಟೆ ಕಂಡ ಮೇಲೆ.

ಹುಟ್ಟಿದ ಮರಿ ಬದುಕಿತು, ಆದರೆ ಸಣ್ಣದು. ಮೇಲಿನ ದವಡೆ ಮುಂದೆ ಚಾಚಿ ಹಲ್ಲಿಗೆ ಹಲ್ಲು ಕೂಡುತ್ತಿರಲಿಲ್ಲ. ಗಿಳಿಬಾಯಿ ಅನ್ನುತ್ತೇವಲ್ಲ, ಹಾಗೆ. ಅಂಥ ಕುದುರೆಗೆ ಬಯಲಿನ ಹುಲ್ಲು ಕಡಿಯುವುದು ಕಷ್ಟ. ಒಂದು ಮರಿಯಿಂದ ಏನೂ ಸಾಬೀತಾಗುವುದಿಲ್ಲ, ಹೊರಗಿನ ಗಂಡಿನಿಂದಲೂ ಗಿಳಿಬಾಯಿ ಹುಟ್ಟಬಹುದು. ಆದರೆ ಆ ಬಾಯಿ ನೋಡಿದಾಗಲೆಲ್ಲ ನನ್ನ ಸೋಮಾರಿತನವೇ ಎದುರಿಗೆ ನಿಂತ ಹಾಗೆ ಆಗುತ್ತಿತ್ತು.

"ದನಕ್ಕ ಅಪ್ಪ ಮಗಳು ಅಂತ ಇರತೈತೇನೋ ತಮ್ಮಾ?" ಅಂತ ನಮ್ಮ ಕಾಕಾ ನಕ್ಕರು. ಹಳಬರಲ್ಲಿ ಈ ಮಾತು ಬಹಳ. ಸಂಬಂಧದ ನಾಚಿಕೆಯ ಮಾತಲ್ಲ ಇದು, ರಕ್ತದ ಲೆಕ್ಕ. ಪ್ರತಿ ಪ್ರಾಣಿಯಲ್ಲೂ ಕಾಣದೆ ಅಡಗಿರುವ ಕೆಲವು ದೋಷ ಇದ್ದೇ ಇರುತ್ತವೆ. ತಾಯಿಯಿಂದ ಒಂದು, ತಂದೆಯಿಂದ ಒಂದು ಹೀಗೆ ಅದೇ ದೋಷ ಜೋಡಿಯಾದಾಗ ಹೊರಗೆ ಕಾಣುತ್ತದೆ. ತಂದೆ ಮಗಳನ್ನು ಕೂಡಿಸಿದರೆ ಹುಟ್ಟುವ ಮರಿಯಲ್ಲಿ ಒಂದೇ ಮೂಲದ ಜೋಡಿ ಬೀಳುವ ಸಂಭವ 25 ಶೇಕಡಾ. ತಂದೆ ಒಂದೇ, ತಾಯಿ ಬೇರೆ ಇರುವ ಅಣ್ಣ ತಂಗಿಯರಾದರೆ ಹನ್ನೆರಡೂವರೆ ಶೇಕಡಾ. ಅಂದರೆ ಸರ್ಜಾನನ್ನು ತೆಗೆದು ಅದರ ಮಗನನ್ನು ಗಂಡಾಗಿ ಇಟ್ಟುಕೊಂಡರೂ ತೊಂದರೆ ಅರ್ಧವಷ್ಟೇ ಕಡಿಮೆ.

ದೊಡ್ಡ ಸಾಕಣೆಯಾದರೆ ಎರಡು ಮೂರು ಗಂಡು ಇಟ್ಟು ಬದಲಾಯಿಸಬಹುದು. ಎಂಟು ಹೆಣ್ಣಿನ ಕೊಟ್ಟಿಗೆಯಲ್ಲಿ ಎರಡು ಗಂಡು ಇಟ್ಟರೆ ಮೇವಿನ ಖರ್ಚು ಒಂದು ಕಡೆ, ಜಗಳ ಇನ್ನೊಂದು ಕಡೆ. ಹಾಗಾಗಿ ಸಣ್ಣವರಿಗೆ ಉಳಿದ ದಾರಿ ಒಂದೇ. ಮಗಳು ಬೆದೆಗೆ ಬರುವ ಹೊತ್ತಿಗೆ ತಂದೆ ಮನೆ ಬದಲಾಯಿಸಬೇಕು. ಸರ್ಜಾ ಆಗ ಇನ್ನೂ ಒಂಬತ್ತು ವರ್ಷದ್ದು. ಅದರ ಮುಂದೆ ಇನ್ನೂ ಎಷ್ಟೋ ವರ್ಷದ ಕೆಲಸ ಇತ್ತು. ತಪ್ಪು ಅದರದ್ದಲ್ಲವೇ ಅಲ್ಲ, ಆದರೂ ಹೋಗಬೇಕಾಗಿತ್ತು.

ಬದಲಿ ವ್ಯವಹಾರ

ಮಾರಲು ಮನಸ್ಸು ಬರಲಿಲ್ಲ. ಮಾರಿದರೆ ಎಲ್ಲಿ ಹೋಗುತ್ತದೋ, ಯಾವ ಇಟ್ಟಿಗೆ ಭಟ್ಟಿಯ ಗಾಡಿಗೆ ಬೀಳುತ್ತದೋ ಗೊತ್ತಿಲ್ಲ. ಪ್ರತಿ ವರ್ಷ ನಮ್ಮ ಹೊಲದಲ್ಲಿ ಕುರಿ ತರುಬುವ ಒಬ್ಬ ಹಿರಿಯ ಕುರಿಗಾರರಿದ್ದಾರೆ, ಗಡಿಯಾಚೆ ಸಾಂಗಲಿ ಜಿಲ್ಲೆಯವರು. ಅವರ ಹಿಂಡಿನಲ್ಲಿ ಆರು ವರ್ಷದ ಒಂದು ಕಂದು ಗಂಡು ಇತ್ತು. ಅವರಿಗೂ ಇದೇ ತಾಪತ್ರಯ, ತಮ್ಮ ಹೆಣ್ಣುಗಳೆಲ್ಲ ಅದರ ಮಕ್ಕಳೇ.

"ಅದಲು ಬದಲು ಮಾಡೂಣೇನು ಮಾಮಾ?" ಅಂತ ಕೇಳಿದೆ.

ಅವರು ಸರ್ಜಾನ ಸುತ್ತ ಎರಡು ಸುತ್ತು ಬಂದರು. ಹಲ್ಲು ನೋಡಿದರು, ನಾಲ್ಕೂ ಗೊರಸು ಎತ್ತಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಇದರ ತಾಯಿ ಎಂಥಾದ್ದಿತ್ತು?" ಅಂದರು. ಆ ಪ್ರಶ್ನೆ ಕೇಳಿಯೇ ನನಗೆ ಇವರ ಕೈಯಲ್ಲಿ ಕುದುರೆ ಸುರಕ್ಷಿತ ಅನ್ನಿಸಿತು. ಗಂಡು ಕೊಳ್ಳುವವರು ತಂದೆಯ ಹೆಸರು ಹೇಳಿ ಕುಣಿಯುತ್ತಾರೆ, ತಾಯಿಯನ್ನು ಯಾರೂ ಕೇಳುವುದಿಲ್ಲ. ಅರ್ಧ ರಕ್ತ ತಾಯಿಯದ್ದೇ ಅಲ್ಲವೇ.

ನಾನು ಅವರ ಗಂಡನ್ನು ನೋಡಿದ ಕ್ರಮವನ್ನೂ ಹೇಳಿಬಿಡುತ್ತೇನೆ. ಎರಡೂ ವೃಷಣ ಕೆಳಗೆ ಇಳಿದಿವೆಯೇ, ಗಾತ್ರ ಹೆಚ್ಚುಕಡಿಮೆ ಸಮವೇ, ಮುಟ್ಟಿದರೆ ತೀರ ಗಟ್ಟಿಯೂ ಅಲ್ಲದೆ ಮೆತ್ತಗೂ ಅಲ್ಲದೆ ಇದೆಯೇ. ಒಂದೇ ಇಳಿದಿದ್ದರೆ ಬೀಜಕ್ಕೆ ಇಡಲೇಬಾರದು, ಆ ದೋಷ ಮಕ್ಕಳಿಗೆ ಹೋಗಬಲ್ಲದು. ಮೇಲಿನ ಕೆಳಗಿನ ಮುಂಹಲ್ಲು ಕೂಡುತ್ತವೆಯೇ. ಹಿಂದಿನಿಂದ, ಮುಂದಿನಿಂದ ನಡೆಸಿ ಕಾಲು ನೆಟ್ಟಗೆ ಬೀಳುತ್ತವೆಯೇ. ಕೊನೆಗೆ ಸ್ವಭಾವ. ಅವರ ಹತ್ತು ವರ್ಷದ ಮೊಮ್ಮಗಳು ಹಗ್ಗ ಹಿಡಿದು ಅದನ್ನು ನೀರಿಗೆ ಕರೆದೊಯ್ದು ತಂದಳು. ಎದುರಿಗೆ ನಮ್ಮ ಹೆಣ್ಣುಗಳು ಕೂಗುತ್ತಿದ್ದರೂ ಕಿವಿ ನಿಮಿರಿಸಿತೇ ಹೊರತು ಎಳೆಯಲಿಲ್ಲ. ಅದಕ್ಕಿಂತ ದೊಡ್ಡ ಪ್ರಮಾಣಪತ್ರ ನನಗೆ ಬೇಕಿರಲಿಲ್ಲ. ಕಚ್ಚುವ, ಮುಂಗಾಲು ಎತ್ತುವ ಗಂಡನ್ನು "ಗಂಡು ಅಂದ್ಮೇಲೆ ಹಂಗ" ಅಂತ ಸಹಿಸುವವರು ಒಂದು ದಿನ ಯಾರದೋ ಬೆರಳೋ ಕೈಯೋ ಕಳೆಯುತ್ತಾರೆ.

ಆದರೆ ರಕ್ತ ಪರೀಕ್ಷೆ ಬಿಡಲಿಲ್ಲ. ಎರಡೂ ಗಂಡುಗಳಿಗೆ ಸರ್ರಾ, ಗ್ಲ್ಯಾಂಡರ್ಸ್, ಕುದುರೆ ರಕ್ತಹೀನತೆ ರೋಗದ ಪರೀಕ್ಷೆ ಮಾಡಿಸಿದೆವು. ಗ್ಲ್ಯಾಂಡರ್ಸ್ ಬಗ್ಗೆ ಎರಡು ಮಾತು. ಅದು ಮನುಷ್ಯರಿಗೂ ಅಂಟುವ, ಪ್ರಾಣ ತೆಗೆಯುವ ರೋಗ. ಮೂಗಿನಲ್ಲಿ ಹುಣ್ಣು, ಅಂಟಂಟಾದ ಸಿಂಬಳ, ಚರ್ಮದ ಮೇಲೆ ಗಂಟು ಒಡೆಯುವುದು ಕಂಡರೆ ಕೈಯಿಂದ ಮುಟ್ಟದೆ ಮೊದಲು ಪಶು ಆಸ್ಪತ್ರೆಗೆ ತಿಳಿಸಬೇಕು. ಹರಿಯಾಣದ ಹಿಸಾರ್‌ನಲ್ಲಿ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಇದೆ, ದೇಶದಲ್ಲಿ ಈ ರೋಗದ ಪರೀಕ್ಷೆಗೆ ಮುಖ್ಯ ಜಾಗ ಅದೇ. ರೋಗ ಖಚಿತವಾದರೆ ಚಿಕಿತ್ಸೆ ಇಲ್ಲ, 2009ರ ಪ್ರಾಣಿ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯಂತೆ ಆ ಕುದುರೆಯನ್ನು ಕೊನೆಗಾಣಿಸಲೇಬೇಕು. ಸರ್ಕಾರದಿಂದ ಪರಿಹಾರ ಇದೆ. ಹೆದರಿ ಮುಚ್ಚಿಟ್ಟರೆ ಕೊಟ್ಟಿಗೆಯೂ ಹೋಗುತ್ತದೆ, ಮನೆಯವರ ಜೀವಕ್ಕೂ ಕುತ್ತು. ಹೊಸ ಗಂಡು ತಂದ ಮೇಲೂ ಒಂದು ತಿಂಗಳು ಬೇರೆ ಕಟ್ಟಿ, ಬೇರೆ ಬಕೆಟ್ಟಿನಲ್ಲಿ ನೀರು ಕೊಟ್ಟೆವು.

ಉಳಿದ ಗಂಡುಮರಿಗಳ ಮಾತೂ ಇದರ ಜೊತೆಗೇ ಬರುತ್ತದೆ. ಸರ್ಜಾನಿಗೆ ಹುಟ್ಟಿದ ಆರು ಗಂಡುಗಳಲ್ಲಿ ಐದಕ್ಕೆ ಬೀಜ ತೆಗೆಸಿದೆ. ಒಂದರಿಂದ ಎರಡು ವರ್ಷದೊಳಗೆ, ನೊಣ ಕಡಿಮೆ ಇರುವ ಚಳಿಗಾಲದಲ್ಲಿ, ಅರಿವಳಿಕೆ ಕೊಟ್ಟು ಡಾಕ್ಟರೇ ಮಾಡಬೇಕು. ಧನುರ್ವಾಯು ಲಸಿಕೆ ಕಡ್ಡಾಯ, ಆ ರೋಗಕ್ಕೆ ಕುದುರೆಯಷ್ಟು ಬೇಗ ಬಲಿಯಾಗುವ ಸಾಕುಪ್ರಾಣಿ ಇನ್ನೊಂದಿಲ್ಲ. ಬೀಜ ತೆಗೆಸಿದ ಮೇಲೂ ಐದಾರು ವಾರ ಹೆಣ್ಣುಗಳಿಂದ ದೂರ ಇಡಿ, ನಾಳದಲ್ಲಿ ಉಳಿದ ಬೀಜದಿಂದ ಗಬ್ಬ ನಿಲ್ಲಬಹುದು. "ಗಂಡಸ್ತನ ತಗದ್ರ ಬಲ ಹೋಗತೈತಿ" ಅನ್ನುವವರಿಗೆ ನನ್ನ ಉತ್ತರ: ಕುರಿಗಾರರೇ ಬಂದು ಅಂಥವನ್ನು ಹುಡುಕಿ ಒಯ್ಯುತ್ತಾರೆ. ಹೊರೆ ಹೊರಲು, ಗಾಡಿ ಎಳೆಯಲು, ಮಕ್ಕಳನ್ನು ಕೂರಿಸಲು ಶಾಂತ ಕುದುರೆ ಬೇಕು. ಗಂಡು ಎಲ್ಲರ ಮನೆಯಲ್ಲೂ ಇರಬೇಕಾಗಿಲ್ಲ.

ಕಾಗದದಲ್ಲಿ ಒಪ್ಪಂದ ಬರೆದೆವು, ದೊಡ್ಡದೇನಲ್ಲ, ಒಂದು ಪುಟ. ಮೂರು ವರ್ಷ ಯಾರೂ ಇನ್ನೊಬ್ಬರಿಗೆ ಹೇಳದೆ ಗಂಡನ್ನು ಮಾರುವ ಹಾಗಿಲ್ಲ. ಹುಟ್ಟಿದ ಪ್ರತಿ ಮರಿಯ ತಾಯಿ, ತಾರೀಖು, ಬಣ್ಣ, ಗುರುತು ಇಬ್ಬರೂ ವಹಿಯಲ್ಲಿ ಬರೆಯಬೇಕು. ನಮ್ಮಂಥ ಕಾಗದವಿಲ್ಲದ ಕುದುರೆಗಳಿಗೆ ಈ ವಹಿಯೇ ವಂಶಾವಳಿ. ನಾಳೆ ಯಾರಾದರೂ ತಳಿ ದಾಖಲಿಸಲು ಬಂದರೆ ತೋರಿಸಲಿಕ್ಕೆ ಏನಾದರೂ ಇರಬೇಕಲ್ಲ. ರಾಜ್ಯದ ಗಡಿ ದಾಟಿಸಲು ಆರೋಗ್ಯ ಪ್ರಮಾಣಪತ್ರ ತೆಗೆಸಿದೆವು. ಬರೆದುಕೊಟ್ಟದ್ದು ಅದೇ ಡಾಕ್ಟರ್. "ಈ ಸಲ ಕಾರಣ ಬರೋಬ್ಬರಿ ಐತಿ" ಅಂದು ಸಹಿ ಹಾಕಿದರು.

ಸರ್ಜಾ ಟೆಂಪೋದಲ್ಲಿ ಹೋಗಲಿಲ್ಲ, ಹಿಂಡಿನ ಜೊತೆ ನಡೆದೇ ಹೋಯಿತು. ಅವ್ವ ಆವತ್ತು ಹೊರಗೆ ಬರಲಿಲ್ಲ. ನಾನು ಕಾಲುವೆಯವರೆಗೆ ಹೋದೆ.

ಮುಂದಿನ ವರ್ಷ ಹಿಂಡು ತಿರುಗಿ ಬಂದಾಗ ಅವರ ವಹಿಯಲ್ಲಿ ನಾಲ್ಕು ಮರಿ ಬರೆದಿತ್ತು, ನಾಲ್ಕರ ಹಲ್ಲೂ ನೆಟ್ಟಗೆ. ನಮ್ಮ ಕೊಟ್ಟಿಗೆಯಲ್ಲಿ ಸರ್ಜಾನ ಮಗಳೊಂದು, ಮೂರು ವರ್ಷ ತುಂಬಿ, ಕಂದು ಗಂಡಿನಿಂದ ಗಬ್ಬವಾಗಿ ನಿಂತಿತ್ತು. ಗಿಳಿಬಾಯಿಯ ಮರಿಯನ್ನು ಮಾರಲಿಲ್ಲ. ಅದಕ್ಕೆ ಕಣಕಿ ಸಣ್ಣಗೆ ಕತ್ತರಿಸಿ ಹಾಕುತ್ತೇವೆ, ಬೀಜ ತೆಗೆಸಿದ್ದೇವೆ, ನನ್ನ ತಮ್ಮನ ಮಗ ಅದರ ಮೇಲೆ ಸವಾರಿ ಕಲಿಯುತ್ತಿದ್ದಾನೆ.

ಮರೆಯದೆ ಇಟ್ಟುಕೊಳ್ಳಿ

ಹೆಣ್ಣುಗಳು ಸಾಲಾಗಿ ತಿರುಗಿ ಬಂದರೆ ಗಂಡಿನ ಕಳೆದ ಎರಡು ತಿಂಗಳನ್ನು ನೆನಪಿಸಿಕೊಳ್ಳಿ. ರೋಗ ವಾಸಿಯಾದ ಮೇಲೆ 60ರಿಂದ 70 ದಿನ ಕಾಯದೆ ತೀರ್ಮಾನ ಬೇಡ.

ಮಳೆಗಾಲದಲ್ಲಿ ಬಂದು ಹೋಗುವ ಜ್ವರಕ್ಕೆ, ಜ್ವರ ಇರುವಾಗಲೇ ರಕ್ತ ಪರೀಕ್ಷೆ ಮಾಡಿಸಿ.

ವರ್ಷ ತುಂಬಿದ ಮರಿಗಳನ್ನು, ಹೆಣ್ಣಾಗಲಿ ಗಂಡಾಗಲಿ, ಬೇರೆ ಮಾಡಿ.

ಮಗಳನ್ನು ಉಳಿಸಿಕೊಳ್ಳುವುದಾದರೆ ತಂದೆಯನ್ನು ಬದಲಾಯಿಸಿ. ಮೊದಲ ಹೆಣ್ಣುಮರಿ ಹುಟ್ಟಿದ ದಿನವೇ ಮುಂದಿನ ಗಂಡನ್ನು ಎಲ್ಲಿಂದ ತರುವುದು ಅಂತ ಯೋಚಿಸಲು ಶುರುಮಾಡಿ, ಒಂದೂವರೆ ವರ್ಷ ಬೇಗ ಹೋಗುತ್ತದೆ.

ಗಂಡು ಎಷ್ಟೇ ಚೆಂದವಿದ್ದರೂ ವೃಷಣ, ಹಲ್ಲು, ಕಾಲು, ಸ್ವಭಾವ ಈ ನಾಲ್ಕರಲ್ಲಿ ಒಂದು ತಪ್ಪಿದರೂ ಬೀಜ ತೆಗೆಸಿ. ಅದು ಒಳ್ಳೆಯ ದುಡಿಮೆಯ ಕುದುರೆಯಾಗಿ ಬಾಳುತ್ತದೆ.

ನಿಮ್ಮ ಊರಿನ ಕಡೆ ಗಿಡ್ಡ ಕುದುರೆ ಸಾಕುವವರಿದ್ದರೆ, ಗಂಡು ಬದಲಿಸಿಕೊಳ್ಳುವ ಮಾತನ್ನು ಈ ಸುಗ್ಗಿಯಲ್ಲೇ, ಹಿಂಡುಗಳು ಹೊಲಕ್ಕೆ ಬಂದಾಗಲೇ ಆಡಿಬಿಡಿ. ಅವು ಮುಂದಿನ ಊರಿಗೆ ಹೊರಟ ಮೇಲೆ ಮತ್ತೆ ಒಂದು ವರ್ಷ ಕಾಯಬೇಕಾಗುತ್ತದೆ.